ಐದು ಪಟ್ಟಿಯ ಖುರ್ಚಿ

ಟಿಂಗ್ ಅಂದಿತು, ತಲೆಯ ಮೇಲಿನ ಬೆಲ್ಟಿನ ದೀಪ ಆರಿತು, ಆರಿದ್ದೇ ತಡ ಮುಂದಿನ ಸಾಲಿನವರೆಲ್ಲ ಎದ್ದು ನಿಂತು ಮೈ ಮುರಿಯತೊಡಗಿದರು, ಎಲ್ಲರಿಗೂ ಬಿಡುಗಡೆ, ಕಿಟಕಿ ಬದಿಯ ಈ ಒಂದು ಪ್ರಾಣಿಯನ್ನು ಬಿಟ್ಟು — ಮೊಮ್ಮಗಳು ಸ್ನೇಹಲ್, ವಯಸ್ಸು ಎರಡು ವರ್ಷ ಮೂರು ತಿಂಗಳು, ಐದು ಪಟ್ಟಿಗಳಲ್ಲಿ ಬಿಗಿದುಕೊಂಡು, ಬಾಯಿ ತೆರೆದು, ಸ್ವಂತ ಖುರ್ಚಿಯಲ್ಲಿ ನಿದ್ದೆ. ಖುರ್ಚಿಯ ಮೇಲೊಂದು ಖುರ್ಚಿ, ಅಂದುಕೊಂಡಳು ಕೃಷ್ಣವ್ವ, ಕೆಳಗಿನದು ವಿಮಾನದವರದು, ಮೇಲಿನದು ಮಗಳು ಕಳಿಸಿದ್ದು, ಅವ್ವಾ ಅದು ಕೂಸಿನ ಜೀವದ ಪ್ರಶ್ನೆ ಅಂತ ಹೇಳಿ ಕಳಿಸಿದ್ದು, ಮಗಳು ಸಂಘಮಿತ್ರಾ ಐರ್ಲೆಂಡಿನಲ್ಲಿ ನರ್ಸು, ಜೀವದ ವಿಷಯ ಅವಳಿಗಿಂತ ಬಲ್ಲವರುಂಟೆ, ಬೈಲಹೊಂಗಲದ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಅವ್ವನಿಗೇನು ಗೊತ್ತು — ಎಂಟು ತಿಂಗಳ ಕೂಸನ್ನು ಕೈಗಿಟ್ಟು ಹೋದಾಗ ಮಾತ್ರ ಅವ್ವನಿಗೆ ಎಲ್ಲ ಗೊತ್ತಿತ್ತು, ಹಾಲು ಎಷ್ಟು ಬಿಸಿಯಿರಬೇಕು, ಕಫ ಕಟ್ಟಿದರೆ ಎದೆಗೆ ಏನು ತಿಕ್ಕಬೇಕು, ಎಲ್ಲ. ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಎಂಬತ್ತು ಹುಡುಗಿಯರಿಗೆ ರೊಟ್ಟಿ ಬಡಿದದ್ದು ಯಾರ ಜೀವದ ಪ್ರಶ್ನೆಯೂ ಆಗಿರಲಿಲ್ಲ, ಬಡಿದ ಹಾಗೆಲ್ಲ ಬೆನ್ನ ಮೇಲೆ ಕೂಸು ತೂಗುತ್ತಿತ್ತು, ತೂಗಿ ತೂಗಿ ನಿದ್ದೆ ಹೋಗುತ್ತಿತ್ತು, ಬೆವರು ಯಾರದು ಎಂಜಲು ಯಾರದು ಒಂದೂ ತಿಳಿಯುತ್ತಿರಲಿಲ್ಲ, ಈಗಲೂ ಬೆನ್ನಿನ ಆ ಜಾಗ ಬೇರೆಯಾಗಿಯೇ ಇದೆ, ತಣ್ಣಗೆ, ವಿಮಾನದ ಗಾಳಿ ಹುಡುಕಿಕೊಂಡು ಅಲ್ಲಿಗೇ ಬೀಸುತ್ತದೆ.

ಖುರ್ಚಿ ಬಂದು ಎರಡು ತಿಂಗಳಾಯಿತು, ರಜೆಗೆ ಬೆಳಗಾವಿಗೆ ಬಂದ ಅಲ್ಲಿಯ ನರ್ಸೊಬ್ಬಳು ಹೊತ್ತು ತಂದು ಕೊಟ್ಟಳು, ರೂಢಿ ಆಗಲಿ ಅಂತ ಮೊದಲ ಕಳಸೇನವ್ವಾ, ಫೋನಿನಲ್ಲಿ ಮಗಳು, ಇಲ್ಲಂದ್ರ ವಿಮಾನದಾಗ ಚೀರತಾಳ — ಕಟ್ಟೆಯ ಮೇಲೆ ಇಟ್ಟರೆ ಓಣಿಯೇ ನೋಡಲು ಬಂತು, ಎದುರು ಮನೆಯ ಮಾಯವ್ವ ಸೊಂಟಕ್ಕೆ ಕೈಕೊಟ್ಟು ಸುತ್ತು ಹಾಕಿ, ಏನ ಕೃಷ್ಣವ್ವಾ, ನಿನ್ನ ಮೊಮ್ಮಗಳು ಎಮ್ಮೆಲ್ಲೆ ಆಗ್ಯಾಳೇನ, ಇನ್ನೂ ಚಡ್ಯಾಗ ಮಾಡ್ಕೋತಾಳ, ಆಗಲೇ ಖುರ್ಚಿ ಬಂತ! ಅಂದಳು, ಟಂಟಂ ಗಾಡಿ ಹೊಡೆಯುವ ಲಗಮಪ್ಪ ಪಟ್ಟಿಗಳನ್ನು ಜಗ್ಗಿ ನೋಡಿ, ಯಕ್ಕಾ, ಸಂಪಗಾಂವಿ ಹಾದ್ಯಾಗ ದಿನಾ ಹದಿನಾಲ್ಕ ಮಂದೀನ ಒಯ್ತೇನಿ, ಒಬ್ಬರಿಗೂ ಕಟ್ಟಿಲ್ಲ, ಒಬ್ಬರೂ ಉದುರಿಲ್ಲ, ಉದುರಾಕ ಜಾಗಾ ಎಲ್ಲೈತಿ? ಎಲ್ಲರೂ ನಕ್ಕರು, ಕೃಷ್ಣವ್ವನೂ ನಕ್ಕಳು, ಕೂಸು ಮಾತ್ರ ನಗಲಿಲ್ಲ, ಮೊದಲ ದಿನ ಅದು ಚೀರಿದ್ದು ಮುರಗೋಡಕ್ಕೆ ಕೇಳಿಸಿರಬೇಕು, ಎತಗೋಬ್ಯಾಡವ್ವಾ, ಫೋನಿನೊಳಗಿಂದ ಸಂಘಮಿತ್ರಾ, ಅತ್ತರ ಅಳಲಿ, ನೀ ಎತಗೊಂಡಿ ಅಂದ್ರ ಮುಗೀತು, ಎತ್ತಿಕೊಳ್ಳಲಿಲ್ಲ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದುರಿಗೆ ಕೂತಳು, ತನ್ನ ಕೈಗಳನ್ನು ತಾನೇ ನಂಬದವಳ ಹಾಗೆ. ಆಮೇಲೆ ಮಾದಲಿ ತಿನ್ನಿಸಿದ್ದು ಅದರಲ್ಲೇ, ಕಾಗಿ-ಗುಬ್ಬಿ ಕತಿ ಹೇಳಿದ್ದು ಅದರಲ್ಲೇ, ಎಂಟೇ ದಿನ, ಕೂಸು ತಾನಾಗಿ ಹತ್ತಿ ಕೂತು ಕಾಲು ಅಲ್ಲಾಡಿಸತೊಡಗಿತು, ಅಳಿಯ ಸಾಗರ ಅಲ್ಲಿಂದ ಹೆಬ್ಬೆರಳ ಚಿತ್ರ ಕಳಿಸಿದ, ಅವನದು ಅಷ್ಟೇ, ಒಂದೂವರೆ ವರ್ಷದಲ್ಲಿ ಅವನು ಮಾತಿಗಿಂತ ಹೆಬ್ಬೆರಳನ್ನೇ ಹೆಚ್ಚು ಕಳಿಸಿದ್ದಾನೆ. ಮಗಳು ಹೇಳಿದ ಇನ್ನೊಂದು ಪಾಠವೂ ಇತ್ತು, ನಿನಗ ಅವ್ವಾ ಅಂತಾಳಲ್ಲ, ಅಜ್ಜಿಗಿ ಆಯಿ ಅನ್ನೂದ ಕಲಸು, ಇಲ್ಲಿ ಬಂದ ಮ್ಯಾಲ ನನಗ ಏನಂದಾಳು? — ಕಲಸಾಕತ್ತೇನವಾ, ಅಕೀ ಬಾಯಾಗ ಬರವಲ್ದು, ಅಂತ ಹೇಳಿದ್ದು ಸುಳ್ಳು, ಒಂದು ದಿನವೂ ಕಲಿಸಿರಲಿಲ್ಲ, ಎರಡೇ ಅಕ್ಷರ, ಗಿಣಿಗೂ ಬರುವಂಥದು.

ಸುಳ್ಳು ಅದೊಂದೇ ಅಲ್ಲ. ಖುರ್ಚಿಗಿ ಒಂದು ಕೆಂಪ ಅಕ್ಷರದ ಚೀಟಿ ಹಚ್ಚ್ಯಾರ ನೋಡವ್ವಾ, ವಿಮಾನದಾಗ ನಡೀತೈತಿ ಅಂತ ಬರದದ್ದು, ಅದಿರಲಿಲ್ಲಂದ್ರ ಒಳಗ ಬಿಡೂದಿಲ್ಲ, ಸಾಮಾನಿನ ಕೂಡ ಕೆಳಗ ಹಾಕತಾರ, ಅಂದಿದ್ದಳು ಮಗಳು, ಎಚ್ಚರಿಕೆಗೆಂದು ಹೇಳಿದ್ದು, ಕೃಷ್ಣವ್ವನಿಗೆ ದಾರಿ ತೋರಿಸಿದಂತೆ ಕೇಳಿಸಿತು — ಕೆಳಗೆ ಹಾಕಲಿ, ಬೇಕಾದರೆ ಅಲ್ಲಿ ಇಳಿದ ಮೇಲೆ ಅವರವರ ಕಾರಿಗೆ ಕಟ್ಟಿಕೊಳ್ಳಲಿ, ಮೇಲಿರುವಷ್ಟು ಹೊತ್ತು ಕೂಸು ತೊಡೆಯ ಮೇಲಿರುತ್ತದೆ, ಇಳಿದ ಮೇಲೆ ತೊಡೆ ಸಂಘಮಿತ್ರಾಳದು, ಹನ್ನೆರಡನೇ ದಿನಕ್ಕೆ ಕೃಷ್ಣವ್ವನ ವಾಪಸು ಟಿಕೆಟ್ಟು, ಹಾಸ್ಟೆಲ್ಲಿನಲ್ಲಿ ಹಿಟ್ಟು ಕಾಯುತ್ತಿರುತ್ತದೆ, ಅದಕ್ಕೆ ಮೊದಲು ಆಕಾಶದಲ್ಲಿ ಒಂದು ಹಗಲು, ಹೆಚ್ಚೇನು ಕೇಳಿದ್ದಲ್ಲ. ಮಧ್ಯಾಹ್ನ ಕೂಸು ಮಲಗಿದಾಗ ಬೂದಿ, ತೆಂಗಿನ ನಾರು ತೆಗೆದುಕೊಂಡು ಕೂತಳು, ಹಾಸ್ಟೆಲ್ಲಿನ ಬೋಗುಣಿಯ ತಳದ ಕರಿಯನ್ನೇ ಬಿಡಿಸಿದ ಕೈ, ಚೀಟಿ ಯಾವ ಲೆಕ್ಕ, ಕೆಂಪೆಲ್ಲ ಹೋಗಿ ಬೆಳ್ಳಗಾಗುವವರೆಗೆ ತಿಕ್ಕಿದಳು, ತಿಕ್ಕುವಾಗ ಮಗಳ ಬಗ್ಗೆ ಏನೂ ಯೋಚಿಸಲಿಲ್ಲ, ಅಥವಾ ಅದನ್ನೇ ಯೋಚಿಸಿದಳು. ಬೆಳಗಾವಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸವದತ್ತಿ ಕಡೆಯ ಹುಡುಗಿ, ನನ್ನ ಹೆಸರು ಭಾಗ್ಯಾರೀ, ಕನ್ನಡದಾಗ ಮಾತಾಡ್ರಿ ಆಯೀ, ಅಂಜಬ್ಯಾಡ್ರಿ, ಅಂದವಳು ಖುರ್ಚಿಯನ್ನು ತಿರುಗಿಸಿ ನೋಡಿ, ಅಯ್ಯ, ಈ ಚೀಟಿ ಯಾರ ತಿಕ್ಕ್ಯಾರ್ರಿ? ಕೃಷ್ಣವ್ವ ಮುಖದಲ್ಲಿ ಏನೂ ತೋರಿಸದೆ, ಸ್ವಚ್ಛ ಇರಲಿ ಅಂತವಾ, ಅಂದಳು, ಈಗ ಕೆಳಗೆ ಹಾಕುತ್ತಾಳೆ, ಈಗ ಹಾಕುತ್ತಾಳೆ — ಇರಲಿ ಬಿಡ್ರಿ, ಅದು ಬಟ್ಟೀ ಕವರ್ ಹ್ಯಾಂಗ ಒಗೀಬೇಕು ಅಂತ ಬರದದ್ದು, ವಿಮಾನದ್ದು ಈ ಕಡೆ ಐತಿ ನೋಡ್ರಿ, ಕೆಂಪಗ, ಚಂದ ಐತಿ, ಒಯ್ರಿ. ಇಂಗ್ಲಿಷು ಬಾರದವಳು ಇಂಗ್ಲಿಷಿನ ಮೇಲೆ ಹಗೆ ತೀರಿಸಹೋದರೆ ಹೀಗೇ, ಎರಡು ಕೆಂಪು ಚೀಟಿಗಳಲ್ಲಿ ಒಗೆಯುವ ವಿಧಾನವನ್ನೇ ಒಗೆದು ಹಾಕಿದಳು, ನಗು ಬಂತು, ಕೌಂಟರಿನ ಹುಡುಗಿಯೂ ನಕ್ಕಳು, ಅವಳಿಗೇನು ಗೊತ್ತು ಕೃಷ್ಣವ್ವ ಯಾಕೆ ನಗುತ್ತಿದ್ದಾಳೆಂದು.

ನಡುವೆ ವಿಮಾನ ಬದಲಿಸಿ ಕೂತದ್ದಾಯಿತು, ಇದೇ ಕೊನೆಯದು, ಈಗ ದೀಪ ಆರಿದೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬಿಚ್ಚಿ ಎತ್ತಿಕೊಳ್ಳಬಹುದು ಅಂತ ಗಗನಸಖಿ ಕೈಸನ್ನೆ ಮಾಡಿ ಹೋದಳು, ಯಾರದೂ ಅಡ್ಡಿಯಿಲ್ಲ, ಕೂಸಿನ ನಿದ್ದೆಯೊಂದೇ ಅಡ್ಡಿ, ಮಲಗಿದ ಕೂಸನ್ನು ಯಾವ ಹೆಂಗಸು ಎಬ್ಬಿಸುತ್ತಾಳೆ, ಬುದ್ಧಿಯಿದ್ದವಳು ಎಬ್ಬಿಸುವುದಿಲ್ಲ, ಇಳಿಯಲು ಇನ್ನು ನಾಲ್ಕು ತಾಸು, ಇಳಿದಾಗ ಬಾಗಿಲಲ್ಲಿ ಸಂಘಮಿತ್ರಾ ಕೈ ಚಾಚಿ ನಿಂತಿರುತ್ತಾಳೆ, ಆ ಕೈಗೆ ಕೊಡುವುದು, ಕೊಟ್ಟು ಹಿಂದೆ ಸರಿಯುವುದು, ಅಂಗಾಲಿಗೆ ಮೆಲ್ಲಗೆ ಚಿವುಟಿದಳು, ಸ್ವಲ್ಪವೇ, ಅಳಲಿ, ಅತ್ತಿತು ಅದಕ್ಕ ಎತಗೊಂಡೆ ಅಂತ ಹೇಳಬಹುದು, ಕೂಸು ಮೂಗು ಸೊಟ್ಟ ಮಾಡಿ ಮತ್ತೆ ನಿದ್ದೆಗೆ ಜಾರಿತು, ಇನ್ನೊಂದು ಸಲ, ಈ ಸಲ ಉಗುರು ತಾಗಿತು, ಕಣ್ಣು ಬಿಟ್ಟಿತು, ಅಳಲಿಲ್ಲ. ಬಾರ ನನ್ನ ಬಂಗಾರಾ, ತೊಡಿ ಮ್ಯಾಲ ಬಾ, ಹೊಟ್ಟೆಯ ಹತ್ತಿರ ಐದೂ ಪಟ್ಟಿ ಕೂಡುವಲ್ಲಿ ಕೆಂಪು ಗುಂಡಿ, ಹೆಬ್ಬೆರಳಿಟ್ಟು ಒತ್ತಿದಳು, ಗಟ್ಟಿ, ಬಿಡಲಿಲ್ಲ, ಇನ್ನೊಮ್ಮೆ ಒತ್ತಲು ಹೋದರೆ ಪುಟ್ಟ ಕೈಯೊಂದು ಬಂದು ಗುಂಡಿಯ ಮೇಲೆ ಕೂತಿತು. ಬ್ಯಾಡ. ಯಾಕ ಬಂಗಾರಾ, ಆಯಿ ಅಲ್ಲೇನ ನಾ — ಬಾಯಿ ತಪ್ಪಿ ತಾನೇ ಅಂದುಬಿಟ್ಟಳು ಆ ಮಾತು — ಬ್ಯಾಡವ್ವಾ, ನಾ ಖುರ್ಚ್ಯಾಗ, ಅಂದಿತು ಕೂಸು, ಸಿಟ್ಟಿಲ್ಲ, ಅಳುವಿಲ್ಲ, ಅಂಗಡಿಯವ ಆ ಸಾಮಾನು ಇವತ್ತು ಇಲ್ಲ ಅನ್ನುವ ಹಾಗೆ, ಅಂದು ಕಿಟಕಿಯ ಕಡೆ ತಿರುಗಿತು, ಕೈ ಮಾತ್ರ ತೆಗೆಯಲಿಲ್ಲ. ಓಣಿಯ ಹುಡುಗರು ಬಂದು ಬಂದು ಬಿಚ್ಚುತ್ತಾರೆಂದು, ಯಾರಿಗೂ ಮುಟ್ಟಗೊಡಬ್ಯಾಡ ಹಾಂ, ಹಿಂಗ ಕೈ ಇಡು, ಹಿಂಗ, ಅಂತ ಹೇಳಿಕೊಟ್ಟವರು ಯಾರು, ಆ ಕೈಯನ್ನು ಹಿಡಿದು ತಂದು ಅಲ್ಲಿಟ್ಟವರು ಯಾರು, ಚಂದ ಕಲಿತಿದ್ದಾಳೆ, ಎಷ್ಟು ಚಂದ, ಬೆರಳೊಂದನ್ನು ಬಿಡಿಸಿ ನೋಡಿದಳು, ಬಿಟ್ಟ ಬೆರಳು ತಿರುಗಿ ಹೋಗಿ ಅಲ್ಲಿಯೇ ಕೂತಿತು, ಇಳಿಯಲು ನಾಲ್ಕು ತಾಸು, ತೊಡೆಯ ಮೇಲೆ ಮಡಚಿದ ಶಾಲು, ಶಾಲಿನ ಮೇಲೆ ಏನೂ ಇಲ್ಲ, ಕೆಂಪು ಗುಂಡಿ, ಅದರ ಮೇಲೆ ಕೈ, ಅಲ್ಲಿ ಮಗಳು ಏನು ಕೇಳುತ್ತಾಳೋ, ಕೂಸು ಏನು ಹೇಳುತ್ತದೋ, ಕೈ, ಗುಂಡಿಯ ಮೇಲೆ, ಐದೂ ಬೆರಳು, ಮುಚ್ಚಿದ ಆ ಕೈ —