ತುಟಿ ಕೊಯ್ದ ಗೊಟ್ಟ

ಕುರಿ ರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದ ಸಿರಿಯಮ್ಮ ಅರ್ಧಕ್ಕೇ ಪೊರಕೆ ಬಿಟ್ಟು ಓಡಿದಳು. ಮಗಳು ಹೊನ್ನಿಯ ಮುದ್ದಿನ ಕುರಿ ಕೆಂಚಿ ಕಾಲು ಮಡಚಿ ಬಿದ್ದಿತ್ತು. ರೆಪ್ಪೆ ಬಿಡಿಸಿದರೆ ಒಳಗೆ ಸುಣ್ಣದ ಬಿಳುಪು. ಗದ್ದದ ಕೆಳಗೆ ನೀರು ತುಂಬಿ ಜೋತಿತ್ತು.

"ಹೋದ ವಾರ ತಾನೆ ಹೊಟ್ಟೆಹುಳದ ಮದ್ದು ಹೊಯ್ದಿದ್ವಲ್ಲ, ಇನ್ನೂ ಹಿಂಗ್ಯಾಕೆ?" ಎಂದಳು.

ಗೂಟದಲ್ಲಿ ನೇತಾಡುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ನಾನು ಬಿದಿರಿನ ಗೊಟ್ಟ, ಒಂದೇ ಕಡೆ ಬಾಯಿರುವ ಕೊಳವೆ. ಕುರಿಗಳ ಗಂಟಲಿಗೆ ಮದ್ದು ಹೊಯ್ಯುವುದೇ ನನ್ನ ಬಾಳು.

ನನ್ನನ್ನು ಮಾಡಿದವನು ಹೊನ್ನಿಯ ತಾತ ಮಾಳಜ್ಜ. ಡಾಕ್ಟರು ಹೇಳಿದಷ್ಟೇ ಮದ್ದು ಹಿಡಿಯುವಂತೆ ಕೊಯ್ದು, ಕಾದ ಕಂಬಿಯಿಂದ ಬುಡದಿಂದ ಬಾಯಿವರೆಗೆ ಹಾವಿನಂಥ ಗೆರೆ ಎಳೆದ. "ದೊಡ್ಡ ಕುರಿಗೆ ತುಂಬ ಒಂದು ಗೊಟ್ಟ" ಅಂದ. ಮನೆಗೆ ಅದೇ ವೇದವಾಯಿತು.

ಅಜ್ಜ ತೀರಿಕೊಂಡ ಮೇಲೆ ಒಂದು ಟಗರು ಕಡಿದು ನನ್ನ ಬಾಯಿ ಸೀಳಿತು. ಅಜ್ಜನ ಮಗ, ಹೊನ್ನಿಯ ಅಪ್ಪ ಬೊಮ್ಮಣ್ಣ ಆ ತುದಿಯನ್ನು ಕೊಯ್ದು ಎಸೆದ. ನಾನು ಗಿಡ್ಡನಾದೆ; ಅಜ್ಜನ ಮಾತು ಮಾತ್ರ ಹಾಗೇ ಉಳಿಯಿತು. ಕುರಿಗೆ ಒಂದು ಗೊಟ್ಟ! ಕಣ್ಣಿದ್ದೂ ಕುರುಡರು!

ಅರೆಬರೆ ಮದ್ದಿಗೆ ಬಡಪಾಯಿ ಹುಳಗಳು ಸತ್ತವು. ಮದ್ದನ್ನೇ ಮೈಯೊಳಗೆ ಮುರಿದು, ಅದರ ವಿಷ ತೆಗೆದು, ಆಚೆ ತಳ್ಳಬಲ್ಲ ಗಟ್ಟಿಗ ಹುಳಗಳು ಉಳಿದವು. ಮೊಟ್ಟೆಯಿಟ್ಟಿದ್ದು ಅವೇ. ಅವುಗಳ ಮರಿಗಳಿಗೆ ಈಗ ಮದ್ದೆಂದರೆ ಮಜ್ಜಿಗೆ. ಆ ಗಟ್ಟಿಗರನ್ನು ಆರಿಸಿ ಸಾಕಿದವನು ನಾನೇ, ನನ್ನ ಈ ಮೋಟು ಬಾಯಿಂದಲೇ! ಕೂಗಿ ಹೇಳಲು ಬಿದಿರಿಗೆ ನಾಲಿಗೆಯೆಲ್ಲಿ?

"ಅಂಗಡಿಯೋನು ಮದ್ದು ಅಂತ ನೀರು ಮಾರವ್ನೆ ಕಣೆ! ಅವನ ಗ್ರಾಚಾರ ಬಿಡಿಸ್ತೀನಿ" ಎಂದು ಬೊಮ್ಮಣ್ಣ ಹಾರಾಡಿದ.

"ಮೊದ್ಲು ಕುರಿ ಉಳಿಸು. ಜಗಳ ಎಲ್ಲೂ ಓಡೋಗಲ್ಲ" ಎಂದಳು ಸಿರಿಯಮ್ಮ.

ಹೊನ್ನಿ ನನ್ನ ಮೋಟು ಬಾಯಿಯನ್ನೇ ದಿಟ್ಟಿಸಿದಳು. ಸಿರಿಯಮ್ಮ ಕೆಂಚಿಯ ತಲೆ ತೊಡೆಯ ಮೇಲಿಟ್ಟುಕೊಂಡು, "ಇನ್ನೊಂದು ಗೊಟ್ಟ ಹೊಯ್ಯಾನ, ತಗೊಂಬಾ ಮಗ" ಎಂದು ಮಗಳಿಗೆ ಹೇಳಿದಳು.

ಮತ್ತೆ ಅದೇ ಸುಳ್ಳಳತೆ! ನಾನು ಮುದುಕ. ಒಲೆಗೆ ಹಾಕಿ, ಉರಿದುಹೋಗುತ್ತೇನೆ; ಈ ಕೆಲಸ ಮಾತ್ರ ಬೇಡ.

ಹೊನ್ನಿ ನನ್ನನ್ನು ಕೆಳಗಿಳಿಸಿದಳು. ಕೊಡಲಿಲ್ಲ. ತನ್ನ ಆಟದ ಸಾಮಾನಿನಿಂದ ಒಂದು ಬಿದಿರಿನ ಚೂರು ತಂದಳು. ಅಪ್ಪ ಎಸೆದಿದ್ದನ್ನು ಅವಳು ಮಣ್ಣು ಅಳೆಯಲು ಎತ್ತಿಟ್ಟುಕೊಂಡಿದ್ದಳು. ಅದನ್ನು ನನ್ನ ಬಾಯಿಗೆ ಜೋಡಿಸಿದಳು. ಅಜ್ಜನ ಗೆರೆ ಗೆರೆಗೆ ಕೂಡಿಕೊಂಡಿತು.

ಹಾಗೇ ಅವ್ವನ ಮುಂದೆ ಹಿಡಿದಳು. "ಅವ್ವಾ, ಇಷ್ಟೂ ಸೇರಿದ್ರೆ ತಾನೆ ತಾತನ ಒಂದು ಗೊಟ್ಟ?"