ಬೀಳ್ಕೊಡುಗೆಯ ದಿನ ಹಾಕದ ಸಹಿ

ಮನೆಗೆ ಬರುವ ಒಂದೇ ಸಂಬಳ ನಿಂತುಹೋದರೆ ಏನಾಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಒಲೆಗೇ ಗೊತ್ತಾಗುತ್ತದೆ.

ಆ ಸಣ್ಣ ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ, ಔಷಧಿ ಉಗ್ರಾಣದ ಪಕ್ಕಕ್ಕೆ, ಬಟ್ಟೆ ಒಗೆಯುವ ಕೋಣೆ. ಅಲ್ಲಿ ದುಡಿಯುತ್ತಿದ್ದವಳನ್ನು ಡಾಕ್ಟರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ರಕ್ತದ ಕಲೆಯಾದ ಹೊದಿಕೆಗಳನ್ನು ತಣ್ಣೀರಿನಲ್ಲಿ ನೆನೆಹಾಕುವುದು, ಆಮೇಲೆ ಕುದಿಯುವ ನೀರಿಗೆ ಇಳಿಸುವುದು, ಆಪರೇಷನ್ ಕೋಣೆಯ ಬಟ್ಟೆಯನ್ನು ಬೇರೆಯಾಗಿಯೇ ಕಟ್ಟಿಡುವುದು ಅವಳ ಕೆಲಸ. ಸೋಪಿನ ನೀರಿಗೆ ಬೆರಳ ತುದಿಗಳು ಸುಲಿದಿದ್ದವು. ಆದರೂ ಕಾಯಂ ಕೆಲಸವಲ್ಲವೇ ಎಂಬ ಧೈರ್ಯ. ಗಂಡ ದರ್ಜಿ. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸುವುದಕ್ಕೂ ಅವನು ಮಗಳನ್ನು ಕೂಗಬೇಕಿತ್ತು.

ಒಂದು ಸೋಮವಾರ ಮೇಲಿನಿಂದ ಆದೇಶ ಬಂತು. ಬಟ್ಟೆ ಒಗೆಯುವ ಹುದ್ದೆ ರದ್ದು. ಇನ್ನು ಆ ಕೆಲಸ ಹೊರಗಿನ ಕಂಪನಿಗೆ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರು ಅಕ್ಕನನ್ನು ಕರೆಸಿ, ಕುರ್ಚಿಯ ಮೇಲೆ ಕೂರಿಸಿ, ಮೆಲ್ಲಗೆ ಹೇಳಿದರು.

"ಶುಕ್ರವಾರ ನಿನಗೊಂದು ಬೀಳ್ಕೊಡುಗೆ ಇಟ್ಕೊಂಡಿದೀವಿ ಕಣಮ್ಮ. ನನ್ನ ಇಷ್ಟದಿಂದಲೇ ಕೆಲಸ ಬಿಡ್ತಿದೀನಿ ಅಂತ ಒಂದು ಸಹಿ ಹಾಕಿಬಿಡು. ಎಲ್ಲ ಸಲೀಸಾಗಿ ಮುಗಿದುಹೋಗುತ್ತೆ."

ದೊಡ್ಡವರ ಮುಂದೆ ಇಲ್ಲ ಎನ್ನುವುದು ಹೇಗೆ? ಅಕ್ಕ ಹೂಂ ಎಂದು ತಲೆಯಾಡಿಸಿ ಮನೆಗೆ ಬಂದಳು. ಬಂದವಳು ಪಾತ್ರೆ ಉಜ್ಜುತ್ತ ಕೂತಳು.

ಅದೇ ಹೊತ್ತಿಗೆ ಪಕ್ಕದ ಮನೆಯ ಟೈಪಿಸ್ಟಮ್ಮ ಹರಿದ ಚೀಲವೊಂದನ್ನು ಹೊಲಿಸಿಕೊಳ್ಳಲು ಬಂದಳು. ಹಿಂದೆ ಅವಳ ಹುದ್ದೆಯೂ ಹೀಗೇ ರದ್ದಾಗಿತ್ತು. ಸುದ್ದಿ ಕೇಳಿದವಳೇ ಚೀಲವನ್ನು ಮರೆತಳು.

"ಅಕ್ಕ, ಸಹಿ ಹಾಕಿದ್ರಾ?"

"ಶುಕ್ರವಾರ ಹಾಕ್ತೀನಿ."

"ಸದ್ಯ, ಇನ್ನೂ ಹಾಕಿಲ್ವಲ್ಲ! ಇಷ್ಟಪಟ್ಟು ಬಿಟ್ಟೆ ಅಂತ ಬರ್ಕೊಟ್ಟು, ಆಮೇಲೆ ಅನ್ಯಾಯ ಆಯ್ತು ಅಂತ ಕೋರ್ಟಿಗೆ ಹೋದ್ರೆ ಯಾರು ಕೇಳ್ತಾರೆ?"

ಅಕ್ಕನಿಗೆ ಸಿಟ್ಟು ಬಂತು. "ನಮ್ಮ ಯಜಮಾನರಿಗೆ ಉಸಿರು ಕಟ್ಟಿದಾಗ ಬದುಕಿಸಿದ್ದೇ ಆ ಸಾಹೇಬ್ರು. ಅವರ ಮೇಲೆ ಕೇಸ್ ಹಾಕು ಅಂತೀರಾ? ಉಂಡ ಮನೆಗೆ ಎರಡು ಬಗೆಯೋ ಬುದ್ಧಿ ನನಗಿಲ್ಲ."

ದರ್ಜಿಯೂ ದನಿಗೂಡಿಸಿದ. "ಕೋರ್ಟು ಅಂದ್ರೆ ಗೆದ್ದವ ಸೋತ, ಸೋತವ ಸತ್ತ ಅಂತಾರೆ. ನಮಗ್ಯಾಕಮ್ಮ ಅದರ ಸಹವಾಸ?"

"ನಾನು ಆ ಮೆಟ್ಟಿಲು ಹತ್ತಿ ಬಂದಿದೀನಿ ಭಾವ. ಇನ್ನೂ ಗಟ್ಟಿಮುಟ್ಟಾಗೇ ಇದೀನಿ ನೋಡಿ!" ಎಂದು ಟೈಪಿಸ್ಟಮ್ಮ ನಕ್ಕಳು. ಆಮೇಲೆ ಅಕ್ಕನ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಕೇಸು ಸಾಹೇಬರ ಮೇಲಲ್ಲ ಅಕ್ಕ, ಆ ಆದೇಶದ ಮೇಲೆ. ಅದನ್ನ ಬರೆದವರು ಅವರಲ್ಲ. ಹುದ್ದೆ ತೆಗೆಯೋ ಅಧಿಕಾರ ಸರ್ಕಾರಕ್ಕಿದೆ, ನಾನು ಇಲ್ಲ ಅನ್ನಲ್ಲ. ಆದ್ರೆ ನಿಯಮದ ಪ್ರಕಾರ ತೆಗೆದ್ರಾ? ಸರಿಯಾದ ಕಾರಣ ಇತ್ತಾ? ಬೇರೆ ಕಡೆ ಜಾಗ ಕೊಡಬಹುದಿತ್ತಾ? ಇದನ್ನೆಲ್ಲ ನಾವು ಕೇಳಬಹುದು. ನೀವೇ ಹೇಳಿ, ಇನ್ನು ಮೇಲೆ ರೋಗಿಗಳ ಹೊದಿಕೆ ಕೊಳೆ ಆಗೋದೇ ಇಲ್ವಾ?"

"ಆಗದೆ ಇರುತ್ತಾ? ದಿನಾ ಮೂಟೆ ಮೂಟೆ ಬರುತ್ತೆ."

"ಅಂದ್ರೆ ಕೆಲಸ ಇದೆ. ನೀವು ಮಾತ್ರ ಬೇಡ."

ಆ ಮಾತು ನಾಟಿತು. ಅಕ್ಕನ ಕಣ್ಣು ತುಂಬಿತು. ಸಾಹೇಬರ ಕೋಣೆಯಿಂದ ತಡೆದಿಟ್ಟುಕೊಂಡು ಬಂದಿದ್ದ ಅಳು ಅದು.

"ವಕೀಲರಿಗೆ ಕೊಡೋಕೆ ನಮ್ಮ ಹತ್ರ ಏನಿದೆ?" ಎಂದ ದರ್ಜಿ.

"ಕೈಲಾಗದವರಿಗೆ ಉಚಿತ ಕಾನೂನು ನೆರವು ಅಂತ ಇದೆ, ಕೋರ್ಟಿನ ಹತ್ರಾನೇ ಕಚೇರಿ. ಆದ್ರೆ ನಾಳೆ ನಾಡಿದ್ದು ಅಂತ ತಳ್ಳಬೇಡಿ. ಇದಕ್ಕೆಲ್ಲ ಗಡುವು ಇರುತ್ತೆ."

"ನೀವು ಗೆದ್ರಾ?" ಅಕ್ಕ ಮೂಗು ಒರೆಸಿಕೊಂಡು ಕೇಳಿದಳು.

"ಸುಳ್ಳು ಯಾಕೆ ಹೇಳ್ಲಿ? ಹಳೇ ಹುದ್ದೆ ವಾಪಸ್ ಬರ್ಲಿಲ್ಲ. ಟೈಪ್ ಮಾಡೋ ಕೆಲಸವೇ ಉಳಿದಿರ್ಲಿಲ್ಲ. ಆದ್ರೆ ಬೇರೆ ಕಚೇರೀಲಿ ಜಾಗ ಕೊಡಿ ಅಂತ ತೀರ್ಪಾಯ್ತು. ಸಹಿ ಹಾಕಿಬಿಟ್ಟಿದ್ದ ನನ್ನ ಜೊತೆಯವಳಿಗೆ ಅದೂ ಸಿಗ್ಲಿಲ್ಲ. ನನ್ನನ್ನ ಕಂಡಾಗೆಲ್ಲ ಅದನ್ನೇ ಹೇಳ್ಕೊಂಡು ಅಳ್ತಾಳೆ."

ದರ್ಜಿ ಟೈಪಿಸ್ಟಮ್ಮನ ಚೀಲವನ್ನು ಪಕ್ಕಕ್ಕಿಟ್ಟು, "ಸಹಿ ಹಾಕ್ಬೇಡ ಕಣೆ. ಶನಿವಾರ ಆ ಕಚೇರಿಗೆ ನಾನೂ ಬರ್ತೀನಿ," ಎಂದ.

ಶುಕ್ರವಾರ ಸಿಬ್ಬಂದಿಯೆಲ್ಲ ಸೇರಿದರು. ಚಹಾ, ಬಿಸ್ಕತ್ತು, ಒಳ್ಳೆಯ ಮಾತು. ನರ್ಸಮ್ಮನವರು ಎಲ್ಲರೂ ಸೇರಿ ತಂದಿದ್ದ ಗೋಡೆ ಗಡಿಯಾರವನ್ನು ಮೇಜಿನ ಮೇಲಿಟ್ಟರು. ಸಾಹೇಬರು ಕಾಗದವನ್ನು ಮುಂದೆ ತಳ್ಳಿ ಪೆನ್ನು ಚಾಚಿದರು. ಅಕ್ಕ ಪೆನ್ನು ಮುಟ್ಟಲಿಲ್ಲ. ಎದ್ದು ನಿಂತಳು.

"ಸಾಹೇಬ್ರೇ, ನಿಮ್ಮ ಋಣ ಈ ಜನ್ಮದಲ್ಲಿ ತೀರಿಸೋಕಾಗಲ್ಲ. ಆದ್ರೆ ಇಷ್ಟಪಟ್ಟು ಬಿಡ್ತಿದೀನಿ ಅನ್ನೋದು ಸುಳ್ಳು. ಸುಳ್ಳಿಗೆ ಸಹಿ ಹಾಕಲ್ಲ. ನನಗೆ ಆ ಆದೇಶದ ಪ್ರತಿ ಕೊಡಿಸಿ. ಈ ಗಡಿಯಾರ ಇಲ್ಲೇ ಇರ್ಲಿ. ನಿವೃತ್ತಿ ಆದ ದಿನ ಬಂದು ತಗೊಂಡು ಹೋಗ್ತೀನಿ."

ಸಾಹೇಬರ ಮುಖ ಕೆಂಪಾಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ಇವರಿಗೊಂದು ಪ್ರತಿ ಕೊಡಪ್ಪ," ಎಂದು ಗುಮಾಸ್ತನಿಗೆ ಹೇಳಿದರು.

ಮರುದಿನ ಗಂಡ ಹೆಂಡತಿ ಕಾನೂನು ನೆರವಿನ ಕಚೇರಿಗೆ ಹೋದರು. ವಕೀಲರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅಲೆದಾಟವೇನೂ ತಪ್ಪಲಿಲ್ಲ. ಕೊನೆಗೆ ನ್ಯಾಯಾಲಯ, ತೀರ್ಪು ಬರುವವರೆಗೆ ಇವಳನ್ನು ಕೆಲಸದಿಂದ ತೆಗೆಯಬಾರದು ಎಂದಿತು. ತೀರ್ಪು ಇನ್ನೂ ಬಂದಿಲ್ಲ. ಏನು ಬರುತ್ತದೋ ಅಕ್ಕನಿಗೂ ಗೊತ್ತಿಲ್ಲ. ಸದ್ಯ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ, ಅವಳ ಮನೆಯ ಒಲೆ ಉರಿಯುತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಹುದ್ದೆಯನ್ನೂ ರದ್ದು ಮಾಡಿದರೆ ಗಾಬರಿಯಾಗಬೇಡಿ. ಆದೇಶದ ಪ್ರತಿ ಕೇಳಿ ಪಡೆಯಿರಿ. ಎಷ್ಟೇ ಒಳ್ಳೆಯವರು ಪೆನ್ನು ಕೊಟ್ಟರೂ, ತಿಳಿದವರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಎಲ್ಲರಿಗೂ ಹಳೆಯ ಕೆಲಸವೇ ಸಿಗುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಗಡುವು ಮುಗಿದ ಮೇಲೆ ಹೋದರೆ ಬಾಗಿಲೇ ಮುಚ್ಚಿರಬಹುದು. ಮುಜುಗರ ಬಿಡಿ, ಹತ್ತಿರದ ಕಾನೂನು ನೆರವಿನ ಕಚೇರಿಗೆ ಇವತ್ತೇ ಹೋಗಿ.