ಎರಡು ಬಣ್ಣದ ಕಲ್ಲು

"ಸ್ಟವ್‌ನ ಎಡಗಡೆ ಬಿಳಿ, ಬಲಗಡೆ ಈ ಕಪ್ಪು," ಎಂದಳು ರಾಜಲಕ್ಷ್ಮಿ, ಆಳೆತ್ತರದ ಚಪ್ಪಡಿಯೊಂದಕ್ಕೆ ಅಂಗೈ ಒತ್ತಿ.

ಅಮೆರಿಕದ ಗೈದರ್ಸ್‌ಬರ್ಗ್‌ನ ಒಂದು ಗೋದಾಮಿನಲ್ಲಿ ಅಡುಗೆಕಟ್ಟೆಗೆ ಹಾಕುವ ಕಲ್ಲುಗಳು ಸಾಲಾಗಿ ಒರಗಿ ನಿಂತಿದ್ದವು. ಜೊತೆಗೆ ಬಂದಿದ್ದ ಶ್ರಾವಣಿ ನಕ್ಕುಬಿಟ್ಟಳು. "ಆಂಟಿ, ಜೋಕ್ ತಾನೇ?"

ಶ್ರಾವಣಿ ಮೈಸೂರಿನ ಹುಡುಗಿ. ಶ್ಯಾಂಟಿಲಿಯಿಂದ ರಾಕ್‌ವಿಲ್‌ವರೆಗೆ ಕನ್ನಡದವರು ಮನೆ ಮಾರಬೇಕಾದರೆ ಅವಳಿಗೇ ಫೋನ್ ಮಾಡುತ್ತಿದ್ದರು. ರಾಜಲಕ್ಷ್ಮಿಯ ಗಂಡ ಸತ್ಯನಾರಾಯಣನೂ ಹಾಗೇ ಮಾಡಿದ್ದ. ಅವಳು ಬಂದು, ಹಳೆಯ ಮರದ ಕಪಾಟುಗಳನ್ನು ನೋಡಿ, ಅಡುಗೆಮನೆ ಪೂರಾ ಬಿಳಿ ಮಾಡಿಸಿ, ಟಚ್ ಇರುವ ನುಣುಪಾದ ಸ್ಟವ್ ಕೂರಿಸಿದರೆ ಮನೆ ವಾರದೊಳಗೆ ಹೋಗುತ್ತದೆ ಎಂದಿದ್ದಳು. ಸತ್ಯನಾರಾಯಣ ಎಲ್ಲಕ್ಕೂ ತಲೆಯಾಡಿಸಿದ್ದ.

"ಜೋಕ್ ಅಲ್ಲಮ್ಮ," ಎಂದಳು ರಾಜಲಕ್ಷ್ಮಿ. "ಈರುಳ್ಳಿ, ತೆಂಗಿನಕಾಯಿ ಕಪ್ಪಿನ ಮೇಲೆ. ಕೊತ್ತಂಬರಿ, ಬದನೆಕಾಯಿ ಬಿಳಿ ಮೇಲೆ. ಸ್ಟವ್‌ಗೂ ಟಚ್ ಬೇಡ, ತಿರುಗಿಸೋ ನಾಬ್ ಇರೋದೇ ಬೇಕು."

"ರಿಸೇಲ್‌ಗೆ ತುಂಬಾ ಹೊಡೆತ ಬೀಳತ್ತೆ ಆಂಟಿ."

ಪಕ್ಕದಲ್ಲೇ ನಿಂತಿದ್ದ ಸತ್ಯನಾರಾಯಣನ ಕಿವಿ ಬಿಸಿಯಾಯಿತು. "ರಾಜಿ, ನೋಡೋಕೆ ಬಂದವರು ನಗ್ತಾರೆ," ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವಳು ಕೇಳಿಸದವಳಂತೆ ಮುಂದಿನ ಚಪ್ಪಡಿಯತ್ತ ಹೋದಳು.

ಅವನ ಕಣ್ಣಿನ ವಿಷಯ ಶ್ರಾವಣಿಗೆ ಗೊತ್ತಿರಲಿಲ್ಲ. ರಾಜಲಕ್ಷ್ಮಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮಗಳು ನೀತಾ ಶಾರ್ಲೆಟ್‌ನಲ್ಲಿ ಇರುತ್ತಾಳೆ, ಅವಳಿಗೂ ಹೇಳಿರಲಿಲ್ಲ. ರೆಟಿನಾದ ಕಾಯಿಲೆ; ನೋಟ ಅಂಚಿನಿಂದ ಒಳಗೆ ಕಿರಿದಾಗುತ್ತ ಬರುತ್ತದೆ, ಎಷ್ಟು ಬೇಗ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಅಂದಿನಿಂದ ಅವನು ಸಂಜೆ ಡ್ರೈವ್ ಮಾಡುವುದನ್ನು ನಿಲ್ಲಿಸಿದ್ದ. ತಿಂಗಳೊಪ್ಪತ್ತಿನಲ್ಲೇ, ಮನೆ ಮಾರಿ ಚಿಕ್ಕ ಅಪಾರ್ಟ್‌ಮೆಂಟಿಗೆ ಹೋಗೋಣ ಎಂದ. ಈ ಮನೆಯಲ್ಲಿ ಅಡುಗೆ ಅವನದು. ರಾಜಲಕ್ಷ್ಮಿ ಲ್ಯಾಬಿನಿಂದ ಬರುವಷ್ಟರಲ್ಲಿ, ಮನೆಯಿಂದಲೇ ಕೆಲಸ ಮಾಡುವ ಅವನು ಸಾರು, ಪಲ್ಯ ಮುಗಿಸಿರುತ್ತಿದ್ದ. ಅದೇ ಒಲೆಯ ಮುಂದೆ ಒಂದು ದಿನ ತಡವರಿಸುತ್ತ ನಿಲ್ಲುವುದನ್ನು ಅವನಿಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಶ್ರಾವಣಿ ತನ್ನ ಕಾರಿನಲ್ಲಿ ಹೊರಟುಹೋದಳು. ರಾಜಲಕ್ಷ್ಮಿ ಸ್ಟಿಯರಿಂಗ್ ಹಿಡಿದಳು.

"ಏನಿದು ನಿನ್ನ ಹಠ? ಮಾರೋದು ಅಂತ ತೀರ್ಮಾನ ಆಗಿದೆಯಲ್ಲ," ಎಂದ ಅವನು.

"ತೀರ್ಮಾನ ಮಾಡಿದ್ದು ನೀವು. ನಾನು ಸುಮ್ನಿದ್ದೆ, ಅಷ್ಟೇ."

"ಎರಡು ರೂಮಿನ ಮನೆ ಆದ್ರೆ ನಿಂಗೇ ಸುಲಭ ರಾಜಿ. ನಾಳೆ ನನ್ನ ಕೈ ಹಿಡ್ಕೊಂಡು ಮೆಟ್ಟಿಲು ಹತ್ತಿಸೋ ಕೆಲಸ ತಪ್ಪತ್ತೆ."

ಸಿಗ್ನಲ್ ಕೆಂಪಾಗಿತ್ತು. ಅವಳು ಅವನತ್ತ ತಿರುಗಿದಳು. "ನಮ್ಮನೇಲಿ ಉಪ್ಪು ಎಲ್ಲಿದೆ?"

"ಸ್ಟವ್ ಬಲಗಡೆ, ಮೇಲಿನ ಶೆಲ್ಫ್, ಅರಿಶಿನದ ಡಬ್ಬಿ ಪಕ್ಕ. ಯಾಕೆ?"

"ಆ ಅಪಾರ್ಟ್‌ಮೆಂಟಲ್ಲಿ ಎಲ್ಲಿರತ್ತೆ?"

ಅವನು ಸೀಟ್ ಬೆಲ್ಟ್ ಸಡಿಲಿಸಿಕೊಂಡ.

"ಇಲ್ಲಿ ನೀವು ಕಣ್ಮುಚ್ಚಿ ಓಡಾಡ್ತೀರ. ಇದನ್ನ ಬಿಟ್ಟು, ಗೊತ್ತಿಲ್ಲದ ಮನೇಲಿ ಮೊದಲಿಂದ ಕಲೀತೀನಿ ಅಂತೀರಲ್ಲ." ಸಿಗ್ನಲ್ ಹಸಿರಾಯಿತು, ಅವಳು ರಸ್ತೆ ನೋಡುತ್ತಲೇ ಮುಂದುವರಿಸಿದಳು. "ಆವತ್ತು ಬಿಳಿ ಲೋಟದಲ್ಲಿ ಬಿಳಿ ಮಜ್ಜಿಗೆ ಕಾಣದೆ, ಹಾಕ್ತಾ ಹಾಕ್ತಾ ತುಂಬಿ ಚೆಲ್ಲಿದ್ದು ನಾನು ನೋಡಿದೆ. ನಾನು ಬರೋಕೆ ಮುಂಚೆ ಒರೆಸಿಬಿಡಬೇಕು ಅಂತ ಎಷ್ಟು ಅವಸರ ಮಾಡಿದ್ರಿ! ಆಮೇಲೆ ಆ ವಾರವೆಲ್ಲ ಹೊರಗಿಂದ ಊಟ ತರಿಸಿದ್ರಿ. ಅಂಥವರಿಗೆ ಪೂರ್ತಿ ಬಿಳೀ ಅಡುಗೆಮನೆ ಮಾಡ್ಸಿಕೊಡ್ಲಾ?"

"ಅದು ನನಗಲ್ಲ, ಕೊಳ್ಳೋರಿಗೆ."

"ಆ ಕೊಳ್ಳೋರು ಯಾರೋ ನಂಗೆ ಗೊತ್ತಿಲ್ಲ ರೀ. ಇನ್ನು ಹತ್ತು ವರ್ಷ ಆದ್ಮೇಲೂ ಅಲ್ಲಿ ನಿಂತು ಒಗ್ಗರಣೆ ಹಾಕೋರು ಗೊತ್ತು. ಅವರಿಗೋಸ್ಕರ ಮಾಡಿಸ್ತಿದೀನಿ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಕೊನೆಗೆ, "ಒಗ್ಗರಣೆ ಸೀದುಹೋದ್ರೆ?" ಎಂದ.

"ಸೀದಿದ್ದನ್ನೇ ತಿನ್ನೋಣ. ನನ್ನ ಅಡುಗೆಗಿಂತ ವಾಸಿ."

ಅವನಿಗೆ ನಗು ಬಂತು. ನಗುತ್ತಲೇ ಕಿಟಕಿಯಾಚೆ ನೋಡುವವನಂತೆ ಮುಖ ತಿರುಗಿಸಿಕೊಂಡ.

ಮರುದಿನ ಅವನೇ ಶ್ರಾವಣಿಗೆ ಫೋನ್ ಮಾಡಿದ. ಸದ್ಯಕ್ಕೆ ಮಾರುತ್ತಿಲ್ಲ ಎಂದಷ್ಟೇ ಹೇಳಿ ಮುಗಿಸಬೇಕೆಂದಿದ್ದವನು, "ಯಾಕೆ ಅಂಕಲ್?" ಎಂದು ಅವಳು ಕೇಳಿದಾಗ, "ನನ್ನ ಕಣ್ಣು ಮಂದ ಆಗ್ತಾ ಇದೆಯಮ್ಮ," ಎಂದುಬಿಟ್ಟ. ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ತಾನು ಹೆದರಿದ್ದಂತೆ ಏನೂ ಕುಸಿದುಬೀಳಲಿಲ್ಲ.

ಆ ಕಡೆ ಶ್ರಾವಣಿಯ ದನಿ ಮೆತ್ತಗಾಯಿತು. "ಸಾರಿ ಅಂಕಲ್, ಆಂಟಿ ಮುಂದೆ ಪೆದ್ದುಪೆದ್ದಾಗಿ ನಕ್ಕೆ. ಕಪಾಟಿನ ಕೆಳಗೆ ಉದ್ದಕ್ಕೂ ಲೈಟ್ ಹಾಕ್ಸಿ. ಕಟ್ಟೆ ಮೂಲೆಗಳನ್ನ ರೌಂಡ್ ಮಾಡ್ಸಿ, ಸೊಂಟಕ್ಕೆ ತಾಗಿದ್ರೂ ನೋವಾಗಲ್ಲ. ಒಳ್ಳೆ ಕಂಟ್ರಾಕ್ಟರ್ ಇದಾರೆ, ನಂಬರ್ ಕಳಿಸ್ತೀನಿ."

"ನಿಂಗೇನೂ ಲಾಭ ಇಲ್ಲವಲ್ಲಮ್ಮ ಇದರಲ್ಲಿ."

"ಒಂದಿನ ಊಟ ಹಾಕ್ಸಿ ಅಂಕಲ್, ಸಾಕು."

ಆ ಸಂಜೆ ನೀತಾಗೂ ಫೋನ್ ಮಾಡಿ ಹೇಳಿದ. ಅವಳು ಅತ್ತಳು, ಆಮೇಲೆ ಫೋನಿನಲ್ಲೇ ಇಬ್ಬರೂ ಸೇರಿ ಕಪಾಟಿನ ಹಿಡಿಗಳ ಬಣ್ಣ ಆರಿಸಿದರು.

ಕೆಲಸ ಶುರುವಾದ ಮೇಲೆ ಮನೆ ತುಂಬ ಧೂಳು. ಕುಕ್ಕರ್ ಗ್ಯಾರೇಜಿಗೆ ಹೋಯಿತು. ದಿನಾ ಅಲ್ಲೇ ಮಡಚುವ ಕುರ್ಚಿಗಳಲ್ಲಿ ಕೂತು ಅನ್ನ, ಉಪ್ಪಿನಕಾಯಿ ತಿಂದರು. ಕಪ್ಪು ಕಲ್ಲನ್ನು ಬಿಳಿಗೆ ಕೂಡಿಸುವಾಗ ಕೆಲಸಗಾರ ಎರಡೆರಡು ಸಲ, ಸರಿಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡ. ಎರಡು ಸಲವೂ ಹೌದೆಂದವನು ಸತ್ಯನಾರಾಯಣನೇ.

ಅಂಗಳದ ಮೇಪಲ್ ಮರ ಎಲೆ ಉದುರಿಸುವ ಹೊತ್ತಿಗೆ ಎಲ್ಲ ಮುಗಿಯಿತು. ಮೊದಲ ಭಾನುವಾರ ಅವನು ಹುಳಿ ಮಾಡಿದ. ಸಾಸಿವೆ ಸಿಡಿಯುವುದನ್ನು ಕಿವಿಗೊಟ್ಟು ಕೇಳಿ, ನಾಬನ್ನು ಟಕ್ಕೆನ್ನುವವರೆಗೆ ಹಿಂದಕ್ಕೆ ತಿರುಗಿಸಿದ. ರಾಜಲಕ್ಷ್ಮಿ ಆಗಲೇ ಅನ್ನ ಬಡಿಸಿಕೊಂಡು ಮೇಜಿನ ಮುಂದೆ ಕೂತಿದ್ದಳು. ಅವನು ಪಾತ್ರೆ ಹಿಡಿದು ಹತ್ತಿರ ಬಂದ. ಸೌಟು ತಟ್ಟೆಯ ಮೇಲೆ ಒಂದು ಕ್ಷಣ ಜಾಗ ಹುಡುಕಿತು.

ಅವಳ ಕುರ್ಚಿ ಕಿರ್ರೆಂದಿತು. ಮತ್ತೆ ಸುಮ್ಮನಾಯಿತು. ಅವಳು ಏಳಲಿಲ್ಲ, ಕೈಯನ್ನೂ ಚಾಚಲಿಲ್ಲ.

ಸೌಟಿನ ತಳ ಅನ್ನಕ್ಕೆ ಮೆಲ್ಲನೆ ತಾಗಿತು. ಅವನು ಬಗ್ಗಿಸಿ ಸುರಿದ.

"ಇನ್ನೊಂದು ಸೌಟು ಹಾಕ್ಲಾ?"

"ಹಾಕಿ," ಎಂದಳು. ಬಿಸಿ ಹುಳಿಯ ಹಬೆ ಇಬ್ಬರ ಮುಖಕ್ಕೂ ಬಡಿಯಿತು.